ಗುಟ್ಟಿನ ರುಚಿ, ಪುರಾವೆಯ ಹೊಣೆ

ಡ್ಯಾನ್ ಬ್ರೌನ್ ಬರೆದ ‘ದ ಡಾ ವಿಂಚಿ ಕೋಡ್’ ಕಾದಂಬರಿ 2003ರಲ್ಲಿ ಪ್ರಕಟವಾಯಿತು. ಯೇಸು ಮಗ್ದಲದ ಮರಿಯಳನ್ನು ಮದುವೆಯಾಗಿದ್ದ, ಅವರ ವಂಶ ಫ್ರಾನ್ಸಿನಲ್ಲಿ ಮುಂದುವರಿಯಿತು, ಚರ್ಚು ಈ ಸಂಗತಿಯನ್ನು ಶತಮಾನಗಳ ಕಾಲ ಮುಚ್ಚಿಟ್ಟಿತು ಎಂಬುದು ಅದರ ತಿರುಳು. ಮೈಸೂರು ಸೀಮೆಯಲ್ಲೂ ಅದನ್ನು ಊಟ ನಿದ್ದೆ ಬಿಟ್ಟು ಓದಿದವರನ್ನು ನಾನು ಕಂಡಿದ್ದೇನೆ. ಅವರಲ್ಲಿ ಹೆಚ್ಚಿನವರಿಗೆ ಚರ್ಚಿನ ಮೇಲೆ ಭಕ್ತಿಯೂ ಇರಲಿಲ್ಲ, ದ್ವೇಷವೂ ಇರಲಿಲ್ಲ. ಹಾಗಾದರೆ ಅವರನ್ನು ಸೆಳೆದದ್ದೇನು? ಉತ್ತರವನ್ನು ರೋಮಿನಲ್ಲಿ ಹುಡುಕುವುದಕ್ಕಿಂತ ತಿ. ನರಸೀಪುರ, ನಂಜನಗೂಡುಗಳಲ್ಲಿ ಹುಡುಕುವುದು ಸುಲಭ ಎಂದು ನನಗನ್ನಿಸುತ್ತದೆ.

ಮೊದಲು ಆ ಕಾದಂಬರಿಯ ಆಧಾರಗಳನ್ನು ನೋಡೋಣ. 1099ರಲ್ಲಿ ಹುಟ್ಟಿದ ‘ಪ್ರಯರಿ ಆಫ್ ಸಯಾನ್’ ಎಂಬ ರಹಸ್ಯ ಸಂಘ ನಿಜವಾಗಿಯೂ ಇದೆಯೆಂದು ಪುಸ್ತಕದ ಮೊದಲಲ್ಲೇ ಹೇಳಲಾಗಿದೆ. ವಾಸ್ತವದಲ್ಲಿ ಆ ಹೆಸರಿನ ಸಂಘ ನೋಂದಣಿಯಾದದ್ದು 1956ರಲ್ಲಿ. ಅದರ ಹಿಂದಿದ್ದವನು ಪಿಯೇರ್ ಪ್ಲಾಂಟಾರ್ ಎಂಬ ಫ್ರೆಂಚ್ ಪ್ರಜೆ. ಸಂಘಕ್ಕೆ ಪ್ರಾಚೀನತೆಯ ಮೆರುಗು ಕೊಡಲು 1960ರ ದಶಕದಲ್ಲಿ ಪ್ಯಾರಿಸ್ಸಿನ ರಾಷ್ಟ್ರೀಯ ಗ್ರಂಥಾಲಯಕ್ಕೆ ಖೋಟಾ ದಾಖಲೆಗಳನ್ನು ಸೇರಿಸಲಾಯಿತು. 1982ರ ‘ದ ಹೋಲಿ ಬ್ಲಡ್ ಅಂಡ್ ದ ಹೋಲಿ ಗ್ರೇಲ್’ ಪುಸ್ತಕ ಅವನ್ನು ನಂಬಿತು. ಬ್ರೌನ್ ಆ ಪುಸ್ತಕವನ್ನು ಬಳಸಿಕೊಂಡರು. ಅದರ ಇಬ್ಬರು ಲೇಖಕರು ಹಕ್ಕುಸ್ವಾಮ್ಯ ಉಲ್ಲಂಘನೆಯಾಗಿದೆ ಎಂದು ಲಂಡನ್ನಿನಲ್ಲಿ ದಾವೆ ಹೂಡಿ 2006ರಲ್ಲಿ ಸೋತರು. ಕ್ರಿ.ಶ. 325ರ ನೈಸಿಯಾ ಸಭೆಯಲ್ಲಿ ಮತ ಹಾಕಿ ಯೇಸುವನ್ನು ದೇವರಾಗಿಸಿದರೆಂಬ ಕಾದಂಬರಿಯ ಮಾತೂ ನಿಲ್ಲುವುದಿಲ್ಲ. ಅವನ ದೈವತ್ವವನ್ನು ಸಾರುವ ಬರಹಗಳು ಅದಕ್ಕೆ ಇನ್ನೂರು ವರ್ಷಗಳಿಗೂ ಹಿಂದೆಯೇ ಇದ್ದವು. ಸಭೆಯ ಮುಂದಿದ್ದದ್ದು ಮಗನು ತಂದೆಗೆ ಸಮಾನನೇ ಎಂಬ, ಏರಿಯಸ್ ಎತ್ತಿದ ವಿವಾದ.

ಹಾಗೆಂದು ಓದುಗರ ಸಂಶಯವನ್ನೆಲ್ಲ ಮೂಢತನವೆಂದು ತಳ್ಳಿಹಾಕಲಾಗದು. 1945ರಲ್ಲಿ ಈಜಿಪ್ಟಿನ ನಾಗ್ ಹಮ್ಮಾದಿ ಬಳಿ ಮಣ್ಣಿನ ಗಡಿಗೆಯೊಂದರಲ್ಲಿ ಪ್ರಾಚೀನ ಹೊತ್ತಿಗೆಗಳು ಸಿಕ್ಕಿದವು. ಬೈಬಲ್ಲಿನಲ್ಲಿ ಸೇರದ ‘ತೋಮನ ಸುವಾರ್ತೆ’ಯಂಥ ಬರಹಗಳು ಅವುಗಳಲ್ಲಿದ್ದವು. ಆರಂಭದ ಕ್ರೈಸ್ತ ಸಮುದಾಯಗಳಲ್ಲಿ ಹಲವು ಪಂಥಗಳಿದ್ದವು, ಗೆದ್ದ ಪಂಥ ಸೋತವರ ಬರಹಗಳನ್ನು ಬದಿಗೊತ್ತಿತು ಎಂಬುದು ವಿದ್ವಾಂಸರು ಒಪ್ಪಿದ ಮಾತು. ಆದರೆ ಇದನ್ನು ಬಯಲಿಗೆ ತಂದವರು ಆ ವಿದ್ವಾಂಸರೇ. ಆ ಬರಹಗಳ ಇಂಗ್ಲಿಷ್ ಅನುವಾದ 1977ರಿಂದಲೇ ಅಂಗಡಿಗಳಲ್ಲಿದೆ. ಬಯಲಾದ ಸಂಗತಿಯನ್ನೇ ಮತ್ತೆ ಗುಟ್ಟಿನ ಪೆಟ್ಟಿಗೆಯಲ್ಲಿಟ್ಟು ಮಾರಿದ್ದು ಇಂಥ ಕಾದಂಬರಿಗಳ ಜಾಣ್ಮೆ.

ಗುಟ್ಟಿನ ಕಥೆಗೆ ಇನ್ನೊಂದು ಬಲವಿದೆ. ಅದು ವಿರೋಧಿ ಪುರಾವೆಯನ್ನೂ ನುಂಗಿ ಅರಗಿಸಿಕೊಳ್ಳುತ್ತದೆ. ತಿ. ನರಸೀಪುರ ತಾಲ್ಲೂಕಿನ ತಲಕಾಡಿನ ಶಾಪವನ್ನೇ ನೋಡಿ. 1610ರಲ್ಲಿ ರಾಜ ಒಡೆಯರು ಶ್ರೀರಂಗಪಟ್ಟಣವನ್ನು ಪಡೆದ ಬಳಿಕ ಅಲಮೇಲಮ್ಮ ತಲಕಾಡು, ಮಾಲಂಗಿಗಳಿಗೂ ಮೈಸೂರು ದೊರೆಗಳ ಸಂತಾನಕ್ಕೂ ಶಾಪವಿತ್ತಳೆಂಬುದು ಜನಜನಿತ. ದೊರೆಗಳಿಗೆ ಮಕ್ಕಳೇ ಆಗಬಾರದೆಂಬುದು ಶಾಪದ ನೇರ ಅರ್ಥ. ಆದರೆ ಹತ್ತನೇ ಚಾಮರಾಜ ಒಡೆಯರಿಗೆ ಗಂಡುಮಕ್ಕಳಿದ್ದರು. ಜಯಚಾಮರಾಜ ಒಡೆಯರಿಗೂ ಮಗನಿದ್ದ. ಆಗ ಶಾಪ ತಲೆಮಾರು ಬಿಟ್ಟು ತಲೆಮಾರಿಗೆ ತಗಲುತ್ತದೆಂದಾಯಿತು. 2015ರಲ್ಲಿ ದತ್ತು ಬಂದ ಯದುವೀರರಿಗೆ 2017ರಲ್ಲಿ ಮಗ ಹುಟ್ಟಿದಾಗ ಶಾಪ ವಿಮೋಚನೆಯಾಯಿತೆಂದು ಸುದ್ದಿಯಾಯಿತು. ಮಗು ಹುಟ್ಟದಿದ್ದರೂ ಶಾಪ ನಿಜ, ಹುಟ್ಟಿದರೂ ನಿಜ! ತಲಕಾಡಿನ ಮರಳಿಗೆ ಕಾವೇರಿಯ ಪಾತ್ರ, ಗಾಳಿ, ಮಾಧವಮಂತ್ರಿ ಅಣೆಕಟ್ಟೆಗಳನ್ನು ಕಾರಣವಾಗಿ ತೋರಿಸುವ ಅಧ್ಯಯನಗಳಿವೆ. ಆದರೆ ನದಿಯ ಹೂಳಿನ ಲೆಕ್ಕಕ್ಕೆ ಹೆಣ್ಣೊಬ್ಬಳ ನೋವಿನ ಕಥೆಗಿರುವ ಸೆಳೆತ ಎಲ್ಲಿಂದ ಬರಬೇಕು?

ಅದೇ ತಾಲ್ಲೂಕಿನ ಸೋಮನಾಥಪುರ ಬೇರೊಂದು ದಾರಿಯನ್ನು ತೋರಿಸುತ್ತದೆ. ಅಲ್ಲಿನ 13ನೇ ಶತಮಾನದ ಹೊಯ್ಸಳ ದೇವಾಲಯದ ಕೆಲವು ಶಿಲ್ಪಗಳ ಕೈಯಲ್ಲಿ ಮುಸುಕಿನ ಜೋಳದ ತೆನೆಯಂಥ ವಸ್ತುವಿದೆ. ಆ ಬೆಳೆ ಅಮೆರಿಕ ಖಂಡದ್ದು. ಅಲ್ಲಿಗೆ ಕೊಲಂಬಸ್ ತಲುಪಿದ್ದು 1492ರಲ್ಲಿ. ಅದು ತೆನೆಯೇ ಆಗಿದ್ದರೆ ಜಗತ್ತಿನ ಚರಿತ್ರೆಯನ್ನೇ ತಿದ್ದಬೇಕಾಗುತ್ತದೆ. ಜೊಹಾನೆಸನ್ ಮತ್ತು ಪಾರ್ಕರ್ ಅದು ತೆನೆಯೇ ಎಂದು 1989ರಲ್ಲಿ ‘ಎಕನಾಮಿಕ್ ಬಾಟನಿ’ ಪತ್ರಿಕೆಯಲ್ಲಿ ವಾದಿಸಿದರು. ಭಾರತದ ಪಾಯಕ್ ಮತ್ತು ಸಚಾನ್ 1993ರಲ್ಲಿ ಅದೇ ಪತ್ರಿಕೆಯಲ್ಲಿ ಅದನ್ನು ಅಲ್ಲಗಳೆದರು. ಅದು ಮುತ್ತು ಪೋಣಿಸಿದ ಕಾಲ್ಪನಿಕ ಫಲವೆಂದರು. ಕೃಷಿ ವಿಜ್ಞಾನಿ ಕೆ.ಎನ್. ಗಣೇಶಯ್ಯ ಈ ಕುತೂಹಲವನ್ನೇ ‘ಕನಕ ಮುಸುಕು’ ಕಾದಂಬರಿಗೆ ಬಳಸಿಕೊಂಡರು. ಕಥೆ ಯಾವುದು, ಆಕರ ಯಾವುದು ಎಂದು ಓದುಗ ಹೋಲಿಸಿ ನೋಡಬಹುದಾದಲ್ಲಿ ರೋಚಕತೆಯಿಂದ ಕೇಡಿಲ್ಲ. ಅದು ಓದುಗನನ್ನು ಮತ್ತಷ್ಟು ಓದಿಗೆ ಹಚ್ಚುತ್ತದೆ.

ಕೇಡು ಶುರುವಾಗುವುದು ಕಥೆ ಪುರಾವೆಯ ವೇಷ ತೊಟ್ಟು ಬೀದಿಗಿಳಿದಾಗ. ನಂಜನಗೂಡಿನಲ್ಲಿ ಟಿಪ್ಪುವಿನ ಕುರಿತು ಹಳೆಯ ಐತಿಹ್ಯವೊಂದಿದೆ. ಅವನ ಆನೆಯ ಕಣ್ಣು ನಂಜುಂಡನ ಕೃಪೆಯಿಂದ ವಾಸಿಯಾಯಿತು, ಅದಕ್ಕೆ ಅವನು ದೇವರನ್ನು ‘ಹಕೀಂ ನಂಜುಂಡ’ ಎಂದು ಕರೆದು ಪಚ್ಚೆಲಿಂಗ ಅರ್ಪಿಸಿದ ಎನ್ನುತ್ತಾರೆ. ಈ ಕಥೆ ಯಾರ ಮೇಲೂ ಆರೋಪ ಹೊರಿಸುವುದಿಲ್ಲ. ಯಾರೋ ಬಚ್ಚಿಟ್ಟ ಸತ್ಯ ತಾನೆಂದು ಹೇಳಿಕೊಳ್ಳುವುದೂ ಇಲ್ಲ. ಇದರ ಪಕ್ಕದಲ್ಲಿ ಉರಿಗೌಡ, ನಂಜೇಗೌಡರನ್ನು ಇಟ್ಟು ನೋಡಿ. 1799ರಲ್ಲಿ ಟಿಪ್ಪುವನ್ನು ಕೊಂದವರು ಈ ಇಬ್ಬರು ಒಕ್ಕಲಿಗರೇ, ಇತಿಹಾಸಕಾರರು ಅದನ್ನು ಮುಚ್ಚಿಟ್ಟರು ಎಂಬ ವಾದ 2023ರ ವಿಧಾನಸಭಾ ಚುನಾವಣೆಗೆ ಮುನ್ನ ಜೋರಾಯಿತು. ಮಂಡ್ಯದಲ್ಲಿ ಅವರ ಹೆಸರಿನ ಸ್ವಾಗತ ಕಮಾನು ಎದ್ದಿತು, ಸಿನಿಮಾ ಘೋಷಣೆಯಾಯಿತು. ಆಧಾರ ಕೊಡಿ ಎಂದು ಇತಿಹಾಸಕಾರರು ಕೇಳಿದರು. ಆದಿಚುಂಚನಗಿರಿಯ ನಿರ್ಮಲಾನಂದನಾಥ ಸ್ವಾಮೀಜಿಯವರ ಸಲಹೆಯ ಮೇಲೆ ಸಿನಿಮಾ ಕೈಬಿಡಲಾಯಿತು. ಪುರಾವೆ ಇಲ್ಲದಿರುವುದೇ ಮುಚ್ಚಿಟ್ಟಿದ್ದಕ್ಕೆ ಪುರಾವೆ ಎಂಬ ತರ್ಕ ಪ್ಯಾರಿಸ್ಸಿನಲ್ಲೂ ಒಂದೇ, ಮಂಡ್ಯದಲ್ಲೂ ಒಂದೇ. ಅಲ್ಲಿ ಅದರಿಂದ ಪುಸ್ತಕ ಮಾರಾಟವಾಯಿತು. ಇಲ್ಲಿ ನೆರೆಹೊರೆಯವರ ನಡುವೆ ಬಿರುಕು ಮೂಡುವ ಅಪಾಯವಿತ್ತು.

ಇದಕ್ಕೆ ನಿಷೇಧ ಮದ್ದಲ್ಲ. 2006ರಲ್ಲಿ ‘ಡಾ ವಿಂಚಿ ಕೋಡ್’ ಸಿನಿಮಾಕ್ಕೆ ಆಂಧ್ರ, ತಮಿಳುನಾಡು ಸರ್ಕಾರಗಳು ಹೇರಿದ ನಿಷೇಧವನ್ನು ಆಯಾ ಹೈಕೋರ್ಟುಗಳು ರದ್ದುಪಡಿಸಿದವು. ಬಾಯಿ ಮುಚ್ಚಿಸಿದಷ್ಟೂ ಗುಟ್ಟಿನ ಬೆಲೆ ಏರುತ್ತದೆ. ನಮ್ಮಲ್ಲಿ ಇಲ್ಲದಿರುವುದು ಸಂಶಯವಲ್ಲ, ಸಂಶಯವನ್ನು ಕೊನೆಯವರೆಗೆ ಒಯ್ಯುವ ತಾಳ್ಮೆ. ಚರ್ಚನ್ನೋ ಅರಮನೆಯನ್ನೋ ವಿಶ್ವವಿದ್ಯಾಲಯವನ್ನೋ ಸಂಶಯಿಸುವವರು ಗುಟ್ಟು ಬಯಲು ಮಾಡುತ್ತೇನೆಂದು ಬಂದವನನ್ನೂ ಅಷ್ಟೇ ಕಟ್ಟುನಿಟ್ಟಾಗಿ ಸಂಶಯಿಸಬೇಕು. ಯಾವ ಪುರಾವೆ ಸಿಕ್ಕರೆ ಈ ಮಾತನ್ನು ಕೈಬಿಡುತ್ತೀರಿ ಎಂದು ಅವನನ್ನು ಕೇಳಬೇಕು. ಸೋಮನಾಥಪುರದ ತೆನೆಯ ಬಗ್ಗೆ ವಾದಿಸಿದವರ ಬಳಿ ಅದಕ್ಕೆ ಉತ್ತರವಿತ್ತು. ಉತ್ತರ ಇಲ್ಲದವನ ಕೈಯಲ್ಲಿರುವುದು ಕಾದಂಬರಿಯೆಂದು ತಿಳಿದು ಓದಿದರೆ ಸಾಕು.