ತೆಂಗಿನ ಸಾಲಿನ ಅಲಸಂದೆ: ಬೇರಿಗೂ ಗಾಳಿ ಬೇಕು

ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಸೀಮೆಯ ಎಷ್ಟೋ ತೋಟಗಳಲ್ಲಿ ತೆಂಗಿನ ಸಾಲುಗಳ ನಡುವಿನ ನೆಲ ಬರಿದೇ ಬಿದ್ದಿರುತ್ತದೆ. ಭರಣಿ ಮಳೆ ಬಿದ್ದೊಡನೆ ಅಲ್ಲಿ ಅಲಸಂದೆ ಬಿತ್ತುವುದು ಲೇಸೆಂಬುದು ನನ್ನ ಅಭಿಪ್ರಾಯ. ಏಕೆಂದು ತಿಳಿಯಲು ಅದರ ಬೇರನ್ನೇ ನೋಡಿರಿ.

ಬೇರುಗಂಟಿನಲ್ಲಿರುವ ರೈಜೋಬಿಯಂ ಜೀವಾಣುಗಳು ಗಾಳಿಯ ಸಾರಜನಕವನ್ನು ಹಿಡಿದು ಕೊಡುತ್ತವೆಂಬುದು ನಿಮಗೆ ಗೊತ್ತು. ಆ ಸಾರಜನಕದಿಂದ ಗಂಟಿನಲ್ಲೇ ಯೂರಿಕ್ ಆಮ್ಲ ತಯಾರಾಗುತ್ತದೆ. ಯೂರಿಕೇಸ್ ಎಂಬ ಕಿಣ್ವ ಅದನ್ನು ಆಮ್ಲಜನಕದೊಡನೆ ಕೂಡಿಸಿ, ಅಲಾಂಟಾಯಿನ್ ಆಗುವ ದಾರಿಗೆ ಹಚ್ಚುತ್ತದೆ. ಅಲಾಂಟಾಯಿನ್‌ನಲ್ಲಿ 4 ಇಂಗಾಲಕ್ಕೆ 4 ಸಾರಜನಕ. ಬಟಾಣಿ ಗಿಡ ಸಾಗಿಸುವ ಆಸ್ಪರಜಿನ್‌ನಲ್ಲಿ 4ಕ್ಕೆ 2 ಮಾತ್ರ. ಅಷ್ಟೇ ಗಾಡಿಗೆ ಎರಡರಷ್ಟು ಹೇರು!

ಗಾಳಿಯ ಆಮ್ಲಜನಕ ಸುಲಭವಾಗಿ ಕೂಡಿಕೊಳ್ಳುವಂಥದಲ್ಲ. ಒಣಗಿದ ಗರಿಯೂ ಕಿಡಿ ತಾಗದೆ ಉರಿಯದು. ಆದ್ದರಿಂದ ಅದನ್ನು ಬಳಸುವ ಬಹುತೇಕ ಕಿಣ್ವಗಳಿಗೆ ಕಬ್ಬಿಣ, ತಾಮ್ರದಂಥ ಸಹಾಯಕ ಬೇಕೇಬೇಕು. ಯೂರಿಕೇಸಿಗೆ ಬೇಡ. ಅದು ಯೂರಿಕ್ ಆಮ್ಲದಿಂದ ಪ್ರೋಟಾನನ್ನು ಸೆಳೆದುಕೊಳ್ಳುತ್ತದೆ. ಆಗ ಆ ಆಮ್ಲವೇ ಆಮ್ಲಜನಕಕ್ಕೆ ಎಲೆಕ್ಟ್ರಾನು ಕೊಡುವ ಹದಕ್ಕೆ ಬರುತ್ತದೆ. ಇದರಲ್ಲಿ ಹುಟ್ಟುವ ಹೈಡ್ರೋಜನ್ ಪೆರಾಕ್ಸೈಡನ್ನು ಕ್ಯಾಟಲೇಸ್ ಎಂಬ ಇನ್ನೊಂದು ಕಿಣ್ವ ಒಡೆದುಹಾಕುತ್ತದೆ.

ಸಹಾಯಕ ಬೇಡವೆಂದರೆ ಗಾಳಿಯೂ ಬೇಡವೆಂದಲ್ಲ. ನೀರು ನಿಂತ ನೆಲದಲ್ಲಿ ಗಂಟಿಗೆ ಉಸಿರು ಕಟ್ಟುತ್ತದೆ. ಯೂರಿಯಾ ಹೆಚ್ಚು ಸುರಿದರೆ ಗಂಟುಗಳೇ ಕಡಿಮೆಯಾಗುತ್ತವೆ. ಹಣ ಕೊಟ್ಟು ತಂದ ಗೊಬ್ಬರ, ಬಿಟ್ಟಿ ಸಿಗುವ ಗೊಬ್ಬರವನ್ನು ಕೆಡಿಸಬಾರದಲ್ಲವೇ?

ಅಲಸಂದೆ ತೆಂಗಿನ ನೀರನ್ನು ಕುಡಿಯುತ್ತದೆಂಬ ಆಕ್ಷೇಪಣೆಯುಂಟು. ಮಳೆ ಕೈಕೊಟ್ಟ ವರ್ಷ ಅದು ನಿಜವೇ. ಆದ್ದರಿಂದ ನೆಲ ಚೆನ್ನಾಗಿ ನೆನೆದ ಮೇಲೆಯೇ ಬಿತ್ತಿರಿ, ಮರದ ಸುತ್ತ 6 ಅಡಿ ಪಾತಿ ಬಿಡಿರಿ, ನೀರು ಬಸಿದುಹೋಗಲು ಕಾಲುವೆ ಮಾಡಿರಿ. ಹೂ ಬರುವಾಗ ಒಂದೆರಡು ಗಿಡ ಅಗೆದು ಗಂಟು ಸೀಳಿ ನೋಡಿರಿ: ಒಳಗೆ ಕೆಂಪಿದ್ದರೆ ಕೆಲಸ ನಡೆದಿದೆ, ಹಸಿರು ಅಥವಾ ಬಿಳಿಯಾಗಿದ್ದರೆ ನಡೆದಿಲ್ಲ. ಆಗ ತಿಪಟೂರಿನ ಕೊನೇಹಳ್ಳಿ ಕೃಷಿ ವಿಜ್ಞಾನ ಕೇಂದ್ರದಲ್ಲಿ ವಿಚಾರಿಸಿರಿ.

ಕೊನೆಯದಾಗಿ ಒಂದು ಮಾತು. ಕಾಯಿ ಬಿಡಿಸಿ, ಬಳ್ಳಿಯನ್ನೂ ಕಿತ್ತು ದನಕ್ಕೆ ಹಾಕಿದರೆ ಸಾರಜನಕದ ಹೆಚ್ಚಿನ ಪಾಲು ತೋಟದಿಂದಾಚೆ ಹೋಗುತ್ತದೆ. ಕಾಳು ಬೇಕಿದ್ದರೆ ಕೆಲವು ಸಾಲು ಬಿಟ್ಟುಕೊಳ್ಳಿರಿ. ಉಳಿದುದನ್ನು ಹೂವಿನ ಹಂತದಲ್ಲೇ ಮಣ್ಣಿಗೆ ಸೇರಿಸಿರಿ. ತೆಂಗಿನ ಪಾಲು ತೆಂಗಿಗೇ ಸೇರಲಿ.