ಒಂದೂವರೆಗೆ ಕಚೇರಿ ಮುಚ್ಚಿದ ಮೇಲೆ

ಏಪ್ರಿಲ್ ಬಂತೆಂದರೆ ಯಾದಗಿರಿಯಲ್ಲಿ ಸರ್ಕಾರವೂ ಬಿಸಿಲಿಗೆ ತಲೆಬಾಗುತ್ತದೆ. ಕಲಬುರಗಿ ವಿಭಾಗದ ಸರ್ಕಾರಿ ಕಚೇರಿಗಳು ಬೇಸಿಗೆಯ ಎರಡು ತಿಂಗಳು ಬೆಳಿಗ್ಗೆ 8ರಿಂದ ಮಧ್ಯಾಹ್ನ 1.30ರವರೆಗೆ ಮಾತ್ರ ಎಂಬ ಆದೇಶ ಹೊರಡುವುದು ಇಲ್ಲಿ ವಾಡಿಕೆ. ಬೆಂಗಳೂರಿನವರಿಗೆ ಇದು ಅರ್ಧ ರಜೆಯಂತೆ ಕಾಣಬಹುದು. ಶಹಾಪುರದ ಬಸ್ ನಿಲ್ದಾಣದಲ್ಲಿ ಮೇ ತಿಂಗಳ ಮಧ್ಯಾಹ್ನ ಬಸ್ಸಿಗೆ ಕಾದವರು ಹಾಗೆ ಹೇಳಲಾರರು. ಅದಿರಲಿ, ಆ ಆದೇಶದೊಳಗೆ ಒಂದು ದೊಡ್ಡ ಒಪ್ಪಿಗೆ ಅಡಗಿದೆ. ಮನುಷ್ಯ ಕೆಲಸವನ್ನು ಬೇಸರವಿಲ್ಲದೆ ಮಾಡಬೇಕಾದರೆ ಹೊತ್ತು, ನೆರಳು, ನೀರು ಸರಿಯಿರಬೇಕು ಎಂಬುದನ್ನು ಸರ್ಕಾರವೇ ಕಾಗದದ ಮೇಲೆ ಒಪ್ಪಿಕೊಂಡಿದೆ. ಒಪ್ಪಿದ್ದು ಫ್ಯಾನಿನ ಕೆಳಗೆ ಕೂರುವವರ ಮಟ್ಟಿಗೆ ಮಾತ್ರ, ಅದು ಬೇರೆ ಮಾತು.

ದಿನನಿತ್ಯದ ಕೆಲಸದಲ್ಲಿ ಖುಷಿ ಕಾಣುವುದು ಹೇಗೆಂದು ಹೇಳಿಕೊಡುವ ಪುಸ್ತಕ, ಭಾಷಣ, ವಿಡಿಯೊಗಳಿಗೆ ಈಗ ಬರವಿಲ್ಲ. ಪಾತ್ರೆ ತೊಳೆಯುವಾಗ ಮನಸ್ಸು ಪಾತ್ರೆಯ ಮೇಲೇ ಇರಲಿ, ನಡೆಯುವಾಗ ಹೆಜ್ಜೆಯ ಮೇಲಿರಲಿ ಎನ್ನುತ್ತಾರೆ. ಸಲಹೆ ಸುಳ್ಳೇನಲ್ಲ. ಹಾರ್ವರ್ಡ್ ವಿಶ್ವವಿದ್ಯಾಲಯದ ಮ್ಯಾಥ್ಯೂ ಕಿಲ್ಲಿಂಗ್ಸ್‌ವರ್ತ್ ಮತ್ತು ಡೇನಿಯಲ್ ಗಿಲ್ಬರ್ಟ್ 2,250 ಜನರ ಫೋನಿಗೆ ದಿನದ ಯಾವುದೋ ಗಳಿಗೆಯಲ್ಲಿ ಪ್ರಶ್ನೆ ಕಳಿಸಿ, ಏನು ಮಾಡುತ್ತಿದ್ದೀರಿ, ಮನಸ್ಸು ಎಲ್ಲಿದೆ, ಹೇಗನ್ನಿಸುತ್ತಿದೆ ಎಂದು ಕೇಳಿದ್ದರು. 2010ರಲ್ಲಿ ಪ್ರಕಟವಾದ ಫಲಿತಾಂಶದ ಪ್ರಕಾರ ಶೇ 47ರಷ್ಟು ಸಲ ಮನಸ್ಸು ಮಾಡುವ ಕೆಲಸ ಬಿಟ್ಟು ಬೇರೆಲ್ಲೋ ಅಲೆಯುತ್ತಿತ್ತು. ಹಾಗೆ ಅಲೆಯುವಾಗ ಜನ ಅಷ್ಟು ಸಂತೋಷವಾಗಿರಲಿಲ್ಲ.

ಆದರೆ ಅದಕ್ಕೂ ಮೊದಲು, 2004ರಲ್ಲಿ, ಡೇನಿಯಲ್ ಕಾನೆಮನ್ ಮತ್ತು ಸಂಗಡಿಗರು ಟೆಕ್ಸಾಸ್‌ನ 909 ದುಡಿಯುವ ಮಹಿಳೆಯರ ಒಂದೊಂದು ದಿನವನ್ನು ಬಿಡಿಬಿಡಿಯಾಗಿ ಬರೆಸಿದ್ದರು. ಆಪ್ತರ ಜೊತೆ ಕಳೆದ ಹೊತ್ತು ಖುಷಿಯ ಪಟ್ಟಿಯ ಮೇಲ್ತುದಿಯಲ್ಲಿತ್ತು, ಕೆಲಸಕ್ಕೆ ಹೋಗಿಬರುವ ಪ್ರಯಾಣ ತಳದಲ್ಲಿತ್ತು. ನಿದ್ದೆ ಕೆಟ್ಟಿದ್ದರೆ, ಕೆಲಸದಲ್ಲಿ ಗಡಿಬಿಡಿಯ ಒತ್ತಡವಿದ್ದರೆ ದಿನವೇ ಕೆಟ್ಟಂತೆ. ಇವುಗಳಲ್ಲಿ ಬಹಳಷ್ಟು ಆ ಹೆಣ್ಣುಮಕ್ಕಳ ಮನಸ್ಸಿನ ಕಸರತ್ತಿಗೆ ಬಗ್ಗುವಂಥವಲ್ಲ. ಯಾದಗಿರಿ, ಶಹಾಪುರ, ಸುರಪುರದ ಕಡೆ ಕಣ್ಣು ಹಾಯಿಸಿದರೆ ಈ ಎರಡನೆಯ ಅಧ್ಯಯನದ ಮಾತೇ ಹೆಚ್ಚು ಹೊಂದುತ್ತದೆ.

ರೊಟ್ಟಿಯನ್ನೇ ನೋಡಬಹುದು. ಜೋಳದ ಹಿಟ್ಟಿನಲ್ಲಿ ಗೋಧಿಯ ಅಂಟಿಲ್ಲ. ಅದಕ್ಕೇ ಕುದಿಯುವ ನೀರು ಹಾಕಿ, ಸುಡುವ ಹಿಟ್ಟನ್ನು ಅಂಗೈ ಬುಡದಿಂದ ನಾದಬೇಕು. ನಾದಿದ್ದು ಕಡಿಮೆಯಾದರೆ ಅಂಚು ಬಿರಿಯುತ್ತದೆ. ಬಡಿಯುವ ಕೈ ಒಂದೇ ಲಯದಲ್ಲಿ ರೊಟ್ಟಿಯನ್ನು ತಿರುಗಿಸುತ್ತಿರಬೇಕು, ಹಂಚಿಗೆ ಹಾಕಿದ ಮೇಲೆ ನೀರು ಸವರುವುದು ತಡವಾಗಬಾರದು. ಎಲ್ಲ ಸರಿಯಾದರೆ ರೊಟ್ಟಿ ಉಬ್ಬುತ್ತದೆ, ಮಾಡಿದವಳಿಗೆ ಫಲಿತಾಂಶ ಕಣ್ಣೆದುರೇ ಸಿಗುತ್ತದೆ. ಜನ ತಮ್ಮನ್ನು ತಾವು ಮರೆತು ಕೆಲಸದಲ್ಲಿ ಮುಳುಗುವುದು ಯಾವಾಗ ಎಂದು ದಶಕಗಳ ಕಾಲ ಅಭ್ಯಾಸ ಮಾಡಿದ ಮನಶ್ಶಾಸ್ತ್ರಜ್ಞ ಮಿಹಾಯ್ ಚಿಕ್ಸೆಂಟ್‌ಮಿಹಾಯ್ ಹೇಳಿದ್ದೂ ಇದನ್ನೇ: ಗುರಿ ಸ್ಪಷ್ಟವಿರಬೇಕು, ಕೈಗೆ ತಕ್ಕ ಸವಾಲಿರಬೇಕು, ಸರಿಯೋ ತಪ್ಪೋ ತಕ್ಷಣ ತಿಳಿಯಬೇಕು. ಸುರಪುರದ ಅಡುಗೆಮನೆಯಲ್ಲಿ ಮೂರೂ ಇವೆ. ಗೋಡೆಯಾಚೆಯಿಂದ ಬಡಿತ ಕೇಳಿ “ಏನವ್ವಾ, ರೊಟ್ಟಿ ಆದವೇನು?” ಎಂದು ಕೂಗುವ ನೆರೆಯವಳೂ ಇದ್ದಾಳೆ.

ಹಾಗೆಂದು ರೊಟ್ಟಿಯ ಗುಣಗಾನ ಇಲ್ಲಿಗೇ ನಿಲ್ಲಿಸುವುದು ಒಳ್ಳೆಯದು. ಹತ್ತು ಜನರ ಮನೆಗೆ ನಸುಕಿನಲ್ಲಿ ಒಬ್ಬಳೇ ರೊಟ್ಟಿ ಬಡಿದು, ಬುತ್ತಿ ಕಟ್ಟಿ, ಹೊತ್ತೇರುವ ಮೊದಲು ಹೊಲ ಸೇರಬೇಕಾದ ಸೊಸೆಗೆ ಅದೇ ಕೆಲಸ ಶಿಕ್ಷೆ. ಕೌಶಲ ಅದೇ, ಹಂಚು ಅದೇ. ಬದಲಾದದ್ದು ಹೊತ್ತು ಮತ್ತು ಜೊತೆ.

ಹೊಲದಲ್ಲೂ ಇದೇ ಲೆಕ್ಕ. ನಾರಾಯಣಪುರದ ಬಸವಸಾಗರ ಜಲಾಶಯದ ಎಡದಂಡೆ ಕಾಲುವೆ ಬಂದ ಮೇಲೆ ಶಹಾಪುರ, ಸುರಪುರ ಭಾಗದ ಜೋಳ, ತೊಗರಿಯ ನೆಲದಲ್ಲಿ ಭತ್ತವೂ ಕಾಲೂರಿತು. ನಾಟಿಗೂ ಹತ್ತಿ ಬಿಡಿಸುವುದಕ್ಕೂ ಹೆಣ್ಣುಮಕ್ಕಳು ಗುಂಪು ಕಟ್ಟಿಕೊಂಡು ಹೋಗುತ್ತಾರೆ. ಗುಂಪಿನಲ್ಲಿ ಮಾತಿದೆ, ಚೇಷ್ಟೆಯಿದೆ, ಅತ್ತೆಯ ಮೇಲಿನ ದೂರಿದೆ. ಬಾಗಿದ ಬೆನ್ನಿನ ನೋವನ್ನು ಅಷ್ಟಿಷ್ಟು ಮರೆಸುವುದು ಇವೇ. ಆದರೆ ಬದುವಿನ ಮೇಲೆ ಒಂದು ಮರವಿಲ್ಲ, ಕೂಸನ್ನು ಮಲಗಿಸಲು ತಾವಿಲ್ಲ. 2005ರ ಉದ್ಯೋಗ ಖಾತ್ರಿ ಕಾಯ್ದೆ ಇದನ್ನು ಯೋಚಿಸಿತ್ತು. ಕೆಲಸದ ಜಾಗದಲ್ಲಿ ಕುಡಿಯುವ ನೀರು, ಮಕ್ಕಳಿಗೆ ನೆರಳು ಇರಬೇಕು ಎಂದಿತ್ತು. ಆರು ವರ್ಷದೊಳಗಿನ ಮಕ್ಕಳು ಐದು ಅಥವಾ ಹೆಚ್ಚಿದ್ದರೆ ಅವರನ್ನು ನೋಡಿಕೊಳ್ಳಲು ಒಬ್ಬ ಹೆಂಗಸನ್ನು ನೇಮಿಸಿ ಆಕೆಗೂ ಕೂಲಿ ಕೊಡಬೇಕು ಎಂದು ಬರೆದಿತ್ತು. ಖುಷಿಯ ಬಗ್ಗೆ ಬಂದ ಅದೆಷ್ಟೋ ಪುಸ್ತಕಗಳಿಗಿಂತ ಆ ನಾಲ್ಕು ಸಾಲು ಹೆಚ್ಚು ತೂಕದವು. ಖಾಸಗಿ ಹೊಲಗಳಿಗೆ ಅಂಥ ಸಾಲುಗಳು ಇಂದಿಗೂ ತಲುಪಿಲ್ಲ.

ಕೆಲಸಕ್ಕೆ ಜೊತೆ ಬೇಕೆಂಬುದಕ್ಕೆ ವಚನಕಾರ ಮುದನೂರಿನ ದೇವರ ದಾಸಿಮಯ್ಯನ ಕಥೆಯಿದೆ, ಈ ಸೀಮೆಯವರಿಗೆ ಗೊತ್ತಿರುವಂಥದ್ದು. ಕಾಡಿನಲ್ಲಿ ತಪಸ್ಸಿಗೆ ಕೂತವನನ್ನು ಶಿವನೇ ಎಬ್ಬಿಸಿ ಊರಿಗೆ ಹೋಗಿ ದುಡಿದು ಬದುಕು ಎಂದನಂತೆ. ಆತ ಬಂದು ಮಗ್ಗದ ಮುಂದೆ ಕೂತ. ಜೊತೆಗೆ ಹೆಂಡತಿ ದುಗ್ಗಳೆ ಇದ್ದಳು. ನೇಯುವವನ ಪಕ್ಕದಲ್ಲಿ ಇನ್ನೊಬ್ಬರಿದ್ದರು ಎಂಬುದನ್ನು ಕಾಯಕದ ಬಗ್ಗೆ ಭಾಷಣ ಮಾಡುವವರು ಆಗಾಗ ಬಿಟ್ಟುಬಿಡುತ್ತಾರೆ.

ದಿನದ ಓಡಾಟವನ್ನೇ ಆಸಕ್ತಿಯಾಗಿ ಮಾಡಿಕೊಂಡ ಇನ್ನೊಬ್ಬ ಸುರಪುರದಲ್ಲಿದ್ದ. ಫಿಲಿಪ್ ಮೆಡೋಸ್ ಟೇಲರ್ 1840ರ ದಶಕದಿಂದ 1853ರವರೆಗೆ ಇಲ್ಲಿ ಬ್ರಿಟಿಷರ ಅಧಿಕಾರಿಯಾಗಿದ್ದು, ಬಾಲಕ ರಾಜ ವೆಂಕಟಪ್ಪ ನಾಯಕನ ಸಂಸ್ಥಾನದ ಆಡಳಿತ ನೋಡಿಕೊಂಡ. ಆತನ ಬಂಗಲೆ ಟೇಲರ್ ಮಂಜಿಲ್ ಇಂದಿಗೂ ಗುಡ್ಡದ ಮೇಲಿದೆ. ಊರೂರು ತಿರುಗುವಾಗ ದಾರಿಬದಿಯ ಕಲ್ಲುಗೋರಿಗಳನ್ನು ಕಂಡು, ಅಳೆದು, ಚಿತ್ರ ಬರೆದು, ಆ ಬಗ್ಗೆ ಲೇಖನ ಪ್ರಕಟಿಸಿದ. ರಾಜನಕೋಳೂರಿನ ಕಲ್ಮನೆಗಳು, ಶಹಾಪುರದ ಹತ್ತಿರ ವಿಭೂತಿಹಳ್ಳಿಯಲ್ಲಿ ಸಾಲುಸಾಲಾಗಿ ಇಟ್ಟ ಬಂಡೆಗಳು ವಿದ್ವಾಂಸರ ಗಮನಕ್ಕೆ ಬಂದದ್ದು ಹೀಗೆ. ಟೇಲರನಿಗೆ ಕುದುರೆ, ಡೇರೆ, ಆಳುಕಾಳು, ಅಧಿಕಾರ ಎಲ್ಲವೂ ಇದ್ದವು; ಕುತೂಹಲಕ್ಕೂ ಬಿಡುವು ಬೇಕು ಎಂಬುದಕ್ಕೆ ಆತನೇ ಸಾಕ್ಷಿ. ಒಂದು ಶತಮಾನದ ಮೇಲೆ ಪುಣೆಯ ಡೆಕ್ಕನ್ ಕಾಲೇಜಿನ ಕೆ. ಪದ್ದಯ್ಯ ಇದೇ ಸೀಮೆಯ ಹುಣಸಗಿ ಬಯಲನ್ನು ವರ್ಷಗಟ್ಟಲೆ ನಡೆದು ಹುಡುಕಿದರು. ಇಸಾಂಪುರದಲ್ಲಿ ಸಿಕ್ಕಿದ್ದು ಸುಮಾರು 12 ಲಕ್ಷ ವರ್ಷ ಹಿಂದಿನದೆಂದು ಅಂದಾಜಾದ ಕಲ್ಲಾಯುಧಗಳ ಕಾರ್ಯಾಗಾರ. ಕಲ್ಲು ಆಯ್ದು, ಒಡೆದು, ಹದ ನೋಡುವ ದಿನಗೆಲಸ ಈ ನೆಲದಲ್ಲಿ ಅಷ್ಟು ಹಳೆಯದು.

ಇಷ್ಟೆಲ್ಲ ಇರುವ ಜಿಲ್ಲೆಯ ಮಕ್ಕಳಲ್ಲಿ ಎಷ್ಟು ಮಂದಿ ಇಸಾಂಪುರ ನೋಡಿದ್ದಾರೆ? ಸುರಪುರದಿಂದ ಹತ್ತೇ ಕಿಲೊಮೀಟರ್ ದೂರದ ಬೋನಾಳ ಕೆರೆಗೆ ಚಳಿಗಾಲದಲ್ಲಿ ಪಟ್ಟೆತಲೆಯ ಹೆಬ್ಬಾತುಗಳು ಹಿಮಾಲಯ ದಾಟಿ ಬರುತ್ತವೆ. ಶಹಾಪುರದ ಗುಡ್ಡದಲ್ಲಿ ಮಲಗಿದ ಬುದ್ಧನಂತೆ ಕಾಣುವ ಬಂಡೆಗಳನ್ನು ಬಸ್ಸಿನ ಕಿಟಕಿಯಿಂದಲೇ ನೋಡಬಹುದು. ನೋಡುವುದಕ್ಕೆ ಕಾಸು ಬೇಡ, ತೋರಿಸುವವರು ಬೇಕು. ಶಾಲಾ ಪ್ರವಾಸವೆಂದರೆ ಮೈಸೂರು ಎಂದು ತೀರ್ಮಾನಿಸಿದವರಿಗೆ ಇದು ಹೊಳೆಯುವುದು ಕಷ್ಟ.

ಬಡ ಜಿಲ್ಲೆಗೆ ಖುಷಿಯ ಮಾತೇಕೆ, ಮೊದಲು ನೀರು, ರಸ್ತೆ, ಕೆಲಸ ಕೊಡಿ ಎನ್ನುವವರಿದ್ದಾರೆ. ಸುಗ್ಗಿ ಮುಗಿದೊಡನೆ ಮನೆಗೆ ಬೀಗ ಹಾಕಿ ಬೆಂಗಳೂರು, ಮುಂಬೈಗೆ ಗುಳೆ ಹೋಗುವ ಕುಟುಂಬಗಳನ್ನು ಕಂಡವರಿಗೆ ಆ ಸಿಟ್ಟು ಅರ್ಥವಾಗುತ್ತದೆ. ಆದರೆ ಗುಳೆ ಹೋದವರೇ ಮೊಹರಂನ ಅಲಾಯಿ ಹಬ್ಬಕ್ಕೆ, ಮೈಲಾಪುರದ ಸಂಕ್ರಾಂತಿ ಜಾತ್ರೆಗೆ ಕೂಲಿ ಬಿಟ್ಟು, ಬಸ್ಸಿನ ಖರ್ಚು ಹಾಕಿಕೊಂಡು ಬರುತ್ತಾರೆ. ಹಿಂದೂ ಮುಸ್ಲಿಮರು ಒಟ್ಟಿಗೆ ಹೆಜ್ಜೆ ಹಾಕಿ, ಕನ್ನಡದಲ್ಲೇ ರಿವಾಯತ ಪದ ಹಾಡುವ ಅಲಾಯಿಯ ರಾತ್ರಿಗಳು ಅವರಿಗೆ ಬಿಡಲಾಗದ ಬಾಬ್ತು. ಹೊಟ್ಟೆ ತುಂಬಿದ ಮೇಲೆ ಬರುವ ಚಿಂತೆ ಖುಷಿಯದು ಎಂಬ ವಾದವನ್ನು ಅವರು ನಡೆಯಲ್ಲೇ ತಳ್ಳಿಹಾಕಿದ್ದಾರೆ.

ವರ್ಷಕ್ಕೆರಡು ಹಬ್ಬಕ್ಕೆ ಸಿಗುವ ಜೊತೆ ಉಳಿದ ದಿನಗಳಿಗೂ ಸಿಗುವಂತೆ ಮಾಡಲು ಕೋಟಿಗಟ್ಟಲೆ ಹಣ ಬೇಕಿಲ್ಲ. ಗ್ರಾಮ ಪಂಚಾಯಿತಿಯ ಗ್ರಂಥಾಲಯಗಳು ಈಗ ಅರಿವು ಕೇಂದ್ರಗಳಾಗಿವೆ. ದುಡಿದು ಬಂದವರಿಗೆ ಬಿಡುವಾಗುವ ಸಂಜೆಯ ಹೊತ್ತಿಗೆ ಅವುಗಳ ಬಾಗಿಲು ತೆರೆದಿರಬೇಕು. ಗುಡಿಕಟ್ಟೆಯ ಮೇಲೆ ಗಂಡಸರು ಕೂರುತ್ತಾರೆ, ಹೆಣ್ಣುಮಕ್ಕಳು ಕೂರಲು ಊರಿನಲ್ಲಿ ಒಂದು ಕಟ್ಟೆಯಾದರೂ ಇರಬೇಕು. ಹೊಲದ ದಾರಿಯಲ್ಲಿ ಬೇವಿನ ಸಾಲು ಬೇಕು. ಆರು ತಿಂಗಳಿಗೊಮ್ಮೆಯಾದರೂ ಗ್ರಾಮಸಭೆ ನಡೆಯಬೇಕು ಎನ್ನುತ್ತದೆ ಕಾನೂನು. ಮುಂದಿನ ಸಭೆಯಲ್ಲಿ ಚರಂಡಿ, ಬೀದಿದೀಪದ ಜೊತೆಗೆ ಈ ಮೂರನ್ನೂ ನಡಾವಳಿಯಲ್ಲಿ ಬರೆಸಿ. ಬರೆಸಲು ಹೆಣ್ಣುಮಕ್ಕಳೇ ಮುಂದೆ ಬರಲಿ.