ಕಡಲ ಬದಿಯಲ್ಲಿ ಹುಟ್ಟಿ ನೀರಿಗೆ ಹೆದರುವವರು

ನೀರಿನ ಹತ್ತಿರ, ಬೆಂಕಿಯ ಹತ್ತಿರ ಆಟ ಬೇಡ ಎಂದು ನಮ್ಮ ಮನೆಗಳಲ್ಲಿ ಹೇಳುತ್ತಾರೆ. ಬೆಂಕಿಯ ವಿಷಯದಲ್ಲಿ ಈ ಮಾತನ್ನು ಯಾರೂ ಪಾಲಿಸುವುದಿಲ್ಲ. ಹತ್ತು ಹನ್ನೆರಡು ವರ್ಷದ ಹುಡುಗಿಗೆ ಗ್ಯಾಸ್ ಹಚ್ಚಲು ಕಲಿಸುತ್ತೇವೆ, ವಾಸನೆ ಬಂದರೆ ಸಿಲಿಂಡರಿನ ರೆಗ್ಯುಲೇಟರ್ ಬಂದ್ ಮಾಡಲು ಕಲಿಸುತ್ತೇವೆ, ಕುದಿಯುವ ಎಣ್ಣೆಗೆ ಪತ್ತಿರಿ ಬಿಡಲು ಕಲಿಸುತ್ತೇವೆ. ಬೆಂಕಿ ಅಪಾಯ ಅಂತ ಗೊತ್ತಿದೆ, ಅದಕ್ಕೇ ಕಲಿಸುತ್ತೇವೆ. ನೀರೂ ಅಪಾಯ ಅಂತ ಗೊತ್ತಿದೆ. ಆದರೆ ಅಲ್ಲಿ ಕಲಿಸುವುದಿಲ್ಲ, ಹೆದರಿಸುತ್ತೇವೆ. ಹೆದರಿಸಿ, ಅದಕ್ಕೆ ಎಚ್ಚರ ಎಂದು ಹೆಸರಿಡುತ್ತೇವೆ.

ಇದನ್ನು ಮರುಭೂಮಿಯಲ್ಲಿ ಇರುವವರು ಮಾಡಿದ್ದರೆ ಒಪ್ಪಬಹುದಿತ್ತು. ನಾವಿರುವುದು ಎಲ್ಲಿ? ಉಪ್ಪಳ ಹೊಳೆ, ಶಿರಿಯಾ ಹೊಳೆ, ಮೊಗ್ರಾಲ್ ಹೊಳೆ, ಚಂದ್ರಗಿರಿ. ಒಂದು ದಾಟಿ ಸ್ವಲ್ಪ ಹೋದರೆ ಇನ್ನೊಂದು. ಪಶ್ಚಿಮಕ್ಕೆ ನೋಡಿದರೆ ಕಡಲು. ಜೂನ್ ತಿಂಗಳಿನಿಂದ ತೋಡುಗಳೆಲ್ಲ ತುಂಬಿ ರಸ್ತೆಗೆ ಬರುತ್ತವೆ. ಕೆಂಪುಕಲ್ಲು ಕಡಿದು ಹಾಗೆಯೇ ಬಿಟ್ಟ ಕೋರೆಗಳಲ್ಲಿ ಆಳೆತ್ತರಕ್ಕೂ ಮೀರಿ ನೀರು ನಿಲ್ಲುತ್ತದೆ. ಇಷ್ಟು ನೀರಿನ ನಡುವೆ ಬದುಕುವ ನಮ್ಮ ಮನೆಗಳಲ್ಲಿ ಈಜು ಬರುವವರನ್ನು ಎಣಿಸಿ ನೋಡಿ. ಹೆಂಗಸರಲ್ಲಿ ಎಣಿಸುವುದಂತೂ ಬೇಡ.

ನನ್ನ ಉಪ್ಪನದ್ದು ಜಿನಸಿ ಅಂಗಡಿ. ಅಕ್ಕಿ, ಬೇಳೆಯ ಜೊತೆ ಬಕೆಟ್, ಟಾರ್ಚಿನ ಸೆಲ್, ನೈಲಾನ್ ಹಗ್ಗ ಎಲ್ಲ ಇರುತ್ತಿತ್ತು. ಹೊಳೆಯಲ್ಲಿ ಯಾರಾದರೂ ಕಾಣೆಯಾದರೆ ಜನ ಮೊದಲು ಓಡಿ ಬರುತ್ತಿದ್ದದ್ದು ನಮ್ಮ ಅಂಗಡಿಗೆ, ಹಗ್ಗಕ್ಕೆ ಮತ್ತು ಸೆಲ್ಲಿಗೆ. ಉಪ್ಪ ಅಳತೆ ಮಾಡುತ್ತಿರಲಿಲ್ಲ, ಇಡೀ ಸುರುಳಿ ಎತ್ತಿ ಕೊಡುತ್ತಿದ್ದರು. ದುಡ್ಡು ತೆಗೆದುಕೊಂಡದ್ದನ್ನು ನಾನು ನೋಡಿಲ್ಲ. ಮರಳಿ ಬಂದ ಹಗ್ಗವನ್ನು ಮತ್ತೆ ಮಾರಿದ್ದನ್ನೂ ನೋಡಿಲ್ಲ. ಅಂಥ ದಿನ ರಾತ್ರಿ ಮನೆಗೆ ಬಂದು, 'ಹೊಳೆಬದಿಗೆ ಹೋದರೆ ಕಾಲು ಮುರಿಯುತ್ತೇನೆ' ಎಂದು ನನಗೂ ನನ್ನ ಇಚ್ಚನಿಗೂ ಹೇಳುತ್ತಿದ್ದರು. ಅವರ ಹೆದರಿಕೆಗೆ ಕಾರಣ ಇತ್ತು. ಅದನ್ನು ನಾನು ತಮಾಷೆ ಮಾಡುವುದಿಲ್ಲ. ಆದರೆ ಅಷ್ಟು ವರ್ಷ ಹಗ್ಗ ಕೊಟ್ಟ ಊರಿನಲ್ಲಿ, ಮಕ್ಕಳಿಗೆ ಈಜು ಕಲಿಸೋಣ ಎಂದು ಒಬ್ಬರೂ ಹೇಳಲಿಲ್ಲವಲ್ಲ, ನನ್ನ ತಕರಾರು ಅಲ್ಲಿದೆ.

ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕದಲ್ಲಿ 2021ರಲ್ಲಿ ಜಗತ್ತಿನಲ್ಲಿ ನೀರಲ್ಲಿ ಮುಳುಗಿ ಸತ್ತವರು ಸುಮಾರು 3 ಲಕ್ಷ. 5ರಿಂದ 14 ವರ್ಷದ ಮಕ್ಕಳ ಸಾವಿನ ಕಾರಣಗಳಲ್ಲಿ ಮುಳುಗುವುದು ಮೂರನೆಯದು. ಇದನ್ನು ತಡೆಯಲು ಅದೇ ಸಂಸ್ಥೆ ಹೇಳುವ ದಾರಿಗಳಲ್ಲಿ ಒಂದು, ಶಾಲೆಗೆ ಹೋಗುವ ಮಕ್ಕಳಿಗೆ ಈಜು ಮತ್ತು ನೀರಿನ ಸುರಕ್ಷತೆ ಕಲಿಸುವುದು. ಹೆದರಿಸುವುದು ಆ ಪಟ್ಟಿಯಲ್ಲಿ ಇಲ್ಲ. ಹೆದರಿಸಿದ ಹುಡುಗ ನೀರಿಗೆ ಹೋಗುವುದಿಲ್ಲ ಎಂದು ತಿಳಿಯಬೇಡಿ. ಹೋಗುತ್ತಾನೆ, ಮನೆಗೆ ಹೇಳದೆ ಹೋಗುತ್ತಾನೆ. ಗೆಳೆಯರ ಜೊತೆ ಪರೀಕ್ಷೆ ಮುಗಿದ ದಿನ ಹೋಗುತ್ತಾನೆ. ಮತ್ತೆ, ಒಬ್ಬ ಮುಳುಗಿದಲ್ಲಿ ಎರಡನೆಯವನೂ ಹೋಗುತ್ತಾನೆ, ಏಕೆಂದರೆ ಮುಳುಗುವವನನ್ನು ಹಿಡಿಯಲು ಹಾರಬಾರದು, ಕೋಲೋ ಲುಂಗಿಯೋ ಖಾಲಿ ಕ್ಯಾನೋ ಎಸೆಯಬೇಕು ಎಂದು ಅವನಿಗೆ ಯಾರೂ ಹೇಳಿಕೊಟ್ಟಿಲ್ಲ.

ಈಗ ಸ್ಕೂಬಾದ ವಿಷಯಕ್ಕೆ ಬರುತ್ತೇನೆ. ನಾನು ಮೆಕ್ಯಾನಿಕಲ್ ಡಿಪ್ಲೊಮಾ ಓದಿದವ, ಕೋಲ್ಡ್ ಸ್ಟೋರೇಜುಗಳ ಕಂಪ್ರೆಸರ್ ರಿಪೇರಿ ನನ್ನ ಕೆಲಸ. ಮೂವತ್ತೆರಡರಲ್ಲಿ ಡಿಪ್ಲೊಮಾದ ಗೆಳೆಯರು ನೇತ್ರಾಣಿಗೆ ಹೊರಟಾಗ ಜೊತೆಗೆ ಹೋದೆ. ಮುರುಡೇಶ್ವರದಿಂದ ದೋಣಿಯಲ್ಲಿ ಹೋಗಬೇಕು. ಒಂದು ಕಾಲದಲ್ಲಿ ನೌಕಾದಳದವರು ಗುರಿ ಅಭ್ಯಾಸಕ್ಕೆ ಬಳಸುತ್ತಿದ್ದ ದ್ವೀಪ ಅದು. ನಡುಕಡಲಿನಲ್ಲಿ ಬಂಡೆ, ಸುತ್ತ ಹವಳ. ಮಳೆಗಾಲದಲ್ಲಿ ಬಂದ್.

ಉಮ್ಮನಿಗೆ ಮುರುಡೇಶ್ವರ ನೋಡಲು ಎಂದಷ್ಟೇ ಗೊತ್ತಿತ್ತು. ದೋಣಿಯ ಅಂಚಿನಲ್ಲಿ ಕೂತಾಗ ನನ್ನ ಕಾಲು ನಡುಗುತ್ತಿದ್ದದ್ದನ್ನು ಗೆಳೆಯರು ಈಗಲೂ ಹೇಳಿ ನಗುತ್ತಾರೆ. ತಲೆ ನೀರೊಳಗೆ ಹೋದ ತಕ್ಷಣ ದೇಹ ಒಂದೇ ಮಾತು ಹೇಳುತ್ತದೆ: ಉಸಿರು ಹಿಡಿ. ಸ್ಕೂಬಾದಲ್ಲಿ ಮಾಡಲೇಬಾರದ ಕೆಲಸ ಅದೊಂದೇ. ಹತ್ತು ಮೀಟರ್ ಕೆಳಗೆ ಒತ್ತಡ ಮೇಲಿನದ್ದರ ಎರಡು ಪಟ್ಟು. ಅಲ್ಲಿ ಎಳೆದ ಗಾಳಿಯನ್ನು ಹಿಡಿದುಕೊಂಡು ಮೇಲೆ ಬಂದರೆ ಅದು ಎರಡು ಪಟ್ಟು ಹಿಗ್ಗುತ್ತದೆ, ಶ್ವಾಸಕೋಶ ಹರಿಯಬಹುದು. ಬಾಯಿಲ್‌ನ ನಿಯಮ, ಹೈಸ್ಕೂಲಿನಲ್ಲಿ ಬಾಯಿಪಾಠ ಮಾಡಿದ್ದು. ಅಂದರೆ ಐದು ವರ್ಷದಿಂದ ನಮಗೆ ಹೆದರಿಕೆ ಕಲಿಸಿದ ಅದೇ ಪ್ರತಿಕ್ರಿಯೆ ಅಲ್ಲಿ ನಮ್ಮನ್ನು ಕೊಲ್ಲುತ್ತದೆ. ಧೈರ್ಯವಂತ ಆಗಬೇಕಾಗಿಲ್ಲ. ಮೂಗು ಹಿಡಿದು ಮೆಲ್ಲಗೆ ಊದಿ ಕಿವಿಯ ಒತ್ತಡ ಸರಿಮಾಡಿಕೊಳ್ಳಬೇಕು, ನೋವಾದರೆ ಇಳಿಯುವುದನ್ನು ನಿಲ್ಲಿಸಬೇಕು, ಉಸಿರು ಆಡುತ್ತಲೇ ಇರಬೇಕು, ಮೇಲೆ ಬರುವಾಗ ನಿಧಾನ ಬರಬೇಕು. ಇದನ್ನು ಎದೆಮಟ್ಟದ ನೀರಿನಲ್ಲಿ ಹತ್ತು ಸಲ ಮಾಡಿಸಿದ ಮೇಲೆ ನನ್ನ ನಡುಕ ನಿಂತಿತು. ಯಾರೂ ನನಗೆ 'ಹೆದರಬೇಡ' ಎನ್ನಲಿಲ್ಲ. ಏನು ಮಾಡಬೇಕೆಂದು ಹೇಳಿದರು, ಅಷ್ಟೇ.

ಇನ್ನೊಂದು ವಿಷಯ ನನಗೆ ಧೈರ್ಯ ಕೊಟ್ಟಿತು, ಕಸುಬಿನವನಾದ್ದರಿಂದ ಹೇಳದೆ ಬಿಡಲಾರೆ. ಬಾಯಲ್ಲಿ ಕಚ್ಚಿಕೊಳ್ಳುವ ಆ ಸಾಧನದ ಹೆಸರೂ ರೆಗ್ಯುಲೇಟರೇ. ಸಿಲಿಂಡರಿನಲ್ಲಿ ಸುಮಾರು 200 ಬಾರ್ ಒತ್ತಡದಲ್ಲಿ ಗಾಳಿ ಇರುತ್ತದೆ. ಆಮ್ಲಜನಕ ಅಲ್ಲ, ಸೋಸಿ ಒಣಗಿಸಿದ ಸಾದಾ ಗಾಳಿ. ರೆಗ್ಯುಲೇಟರ್ ಅದನ್ನು ಎರಡು ಹಂತದಲ್ಲಿ ಇಳಿಸಿ, ನಾವು ಎಳೆದಾಗ ಮಾತ್ರ, ಸುತ್ತಲಿನ ನೀರಿನಷ್ಟೇ ಒತ್ತಡದಲ್ಲಿ ಕೊಡುತ್ತದೆ. ಒಳಗಿರುವುದು ಡಯಾಫ್ರಾಂ, ಸ್ಪ್ರಿಂಗ್, ವಾಲ್ವ್. 1943ರಲ್ಲಿ ಫ್ರಾನ್ಸಿನಲ್ಲಿ ಕುಸ್ತೊ ಎಂಬ ನೌಕಾಧಿಕಾರಿ ಮತ್ತು ಗಾನ್ಯಾಂ ಎಂಬ ಎಂಜಿನಿಯರ್ ಸೇರಿ ಇದನ್ನು ಮಾಡಿದರು. ಯುದ್ಧಕಾಲದಲ್ಲಿ ಪೆಟ್ರೋಲ್ ಸಿಗದೆ ಕಾರುಗಳನ್ನು ಗ್ಯಾಸಿನಲ್ಲಿ ಓಡಿಸಲು ಗಾನ್ಯಾಂ ತಯಾರಿಸಿದ್ದ ವಾಲ್ವೇ ಇದಕ್ಕೆ ಮೂಲ. ನಮ್ಮ ಉಮ್ಮಂದಿರು ದಿನಾ ತಿರುಗಿಸುವ ಗ್ಯಾಸಿನ ರೆಗ್ಯುಲೇಟರಿಗೆ ದೂರದ ನೆಂಟ. ಅದನ್ನು ನಂಬುವ ಕೈ ಇದನ್ನೂ ನಂಬಬಹುದು.

ಕೆಳಗೆ ಏನಿತ್ತು ಎಂದು ಕೇಳುತ್ತೀರಿ. ಗಿಳಿಮೀನು ಹವಳವನ್ನು ಕಟಕಟ ಕಚ್ಚುವ ಸದ್ದು ಕೇಳಿಸುತ್ತದೆ. ಹಳದಿ ಚಿಟ್ಟೆಮೀನುಗಳು ಜೋಡಿ ಜೋಡಿಯಾಗಿ ಹೋಗುತ್ತವೆ. ಬಂಡೆಯ ಸಂದಿನಿಂದ ಹಾವಿನಂಥ ಮೊರೆ ಮೀನು ಬಾಯಿ ತೆರೆದು ಮುಚ್ಚಿ ನೋಡುತ್ತದೆ. ಅದು ಕೋಪವಲ್ಲ, ಉಸಿರಾಟ. ನಮ್ಮ ಮನೆಗಳಲ್ಲಿ ಮೀನು ಇಲ್ಲದೆ ಅನ್ನ ಇಳಿಯುವುದಿಲ್ಲ, ಆದರೆ ಮೀನು ಬದುಕಿರುವಾಗ ಹೇಗಿರುತ್ತದೆ ಎಂದು ನಾನು ಮೂವತ್ತೆರಡು ವರ್ಷ ನೋಡಿರಲಿಲ್ಲ. ಹವಳ ಕಲ್ಲಲ್ಲ, ಸಣ್ಣ ಪ್ರಾಣಿಗಳು ಕಟ್ಟಿದ ಮನೆ. ನೀರಿನ ಬಿಸಿ ಮಾಮೂಲಿಗಿಂತ ಒಂದು ಡಿಗ್ರಿ ಏರಿ ಕೆಲವು ವಾರ ನಿಂತರೆ ಸಾಕು, ಬಣ್ಣ ಕಳೆದುಕೊಂಡು ಬಿಳಿಚುತ್ತದೆ. ಲಕ್ಷದ್ವೀಪದಲ್ಲಿ 1998, 2010, 2016ರಲ್ಲಿ ಹಾಗಾಯಿತು. ನಮ್ಮ ಮಕ್ಕಳು ಹೆದರಿಕೆ ಬಿಟ್ಟು ಇಳಿಯುವ ಹೊತ್ತಿಗೆ ನೋಡಲು ಉಳಿದಿರಬೇಕಲ್ಲ.

ಆದರೆ ಇಲ್ಲಿ ಇನ್ನೊಂದು ಗುಂಪಿನ ಜೊತೆಗೂ ನನಗೆ ಜಗಳ ಉಂಟು. ಈಗೀಗ ನಮ್ಮ ಹುಡುಗರು ಒಂದು ದಿನದ ಸ್ಕೂಬಾ ಮಾಡಿ, ನೀರೊಳಗೆ ಹೆಬ್ಬೆರಳೆತ್ತಿ ಫೋಟೊ ತೆಗೆಸಿಕೊಂಡು ಬಂದು ಸ್ಟೇಟಸ್ ಹಾಕುತ್ತಾರೆ. (ನೀರೊಳಗೆ ಹೆಬ್ಬೆರಳೆತ್ತಿದರೆ 'ಮೇಲೆ ಹೋಗೋಣ' ಎಂದರ್ಥ. 'ಚೆನ್ನಾಗಿದೆ' ಎನ್ನಲು ಬೆರಳಲ್ಲಿ ಸೊನ್ನೆ ತೋರಿಸಬೇಕು.) ಆ ಒಂದು ದಿನದ ಡೈವಿಗೆ ಈಜು ಬರಬೇಕಾಗಿಲ್ಲ. ತರಬೇತುದಾರ ಹಿಂದಿನಿಂದ ಸಿಲಿಂಡರ್ ಹಿಡಿದೇ ಇರುತ್ತಾನೆ, 12 ಮೀಟರಿನ ಕೆಳಗೆ ಇಳಿಸುವುದಿಲ್ಲ. ಒಳ್ಳೆಯ ಅನುಭವ, ಬೇಡ ಎನ್ನುವುದಿಲ್ಲ. ಆದರೆ ನೀರು ಗೆದ್ದೆ ಎಂದು ಮರುವಾರ ಅಳಿವೆಯಲ್ಲಿ ಇಳಿದರೆ, ಅಲ್ಲಿ ಹಿಡಿದುಕೊಳ್ಳುವವ ಯಾರೂ ಇಲ್ಲ. ಸರಿಯಾದ ಕೋರ್ಸ್ ಮಾಡಿ ಸರ್ಟಿಫಿಕೇಟ್ ಬೇಕಾದರೆ 200 ಮೀಟರ್ ಈಜಿ ತೋರಿಸಬೇಕು, ಹತ್ತು ನಿಮಿಷ ಏನನ್ನೂ ಹಿಡಿಯದೆ ತೇಲಬೇಕು. ನನಗೆ ಬೇಕಾದದ್ದು ಆ ಹತ್ತು ನಿಮಿಷ. ನೇತ್ರಾಣಿಯಿಂದ ಬಂದ ಮೇಲೆ ಮಂಗಳೂರಿನ ಒಂದು ಕೊಳದಲ್ಲಿ ಎಂಟು ವರ್ಷದ ಮಕ್ಕಳ ಸಾಲಿನಲ್ಲಿ ನಿಂತು ಈಜು ಕಲಿತೆ. ಮಕ್ಕಳು ನಕ್ಕರು. ನಾಲ್ಕು ತಿಂಗಳು ಬೇಕಾಯಿತು. ಫೋಟೊ ಒಂದೂ ಇಲ್ಲ.

'ಇದೆಲ್ಲ ದುಡ್ಡಿದ್ದವರ ಸೊಕ್ಕು, ನಮ್ಮವರದ್ದಲ್ಲ' ಎನ್ನುವ ಹಿರಿಯರಿಗೆ ಎರಡು ಮಾತು. ನಾವು ವೀಸಾ ಹಿಡಿದು ಹೋಗುವ ಗಲ್ಫ್, ಎಣ್ಣೆ ಸಿಗುವ ಮೊದಲು ಬದುಕಿದ್ದೇ ಮುಳುಗುವವರಿಂದ. ಬಹ್ರೈನ್, ಕುವೈತ್, ದುಬೈಯ ಗಂಡಸರು ಬೇಸಿಗೆಯ ನಾಲ್ಕು ತಿಂಗಳು ದೋಣಿಯಲ್ಲೇ ಇದ್ದು, ಮೂಗಿಗೆ ಕ್ಲಿಪ್ ಹಾಕಿ, ಕಾಲಿಗೆ ಕಲ್ಲು ಕಟ್ಟಿ, ಒಂದೇ ಉಸಿರಿನಲ್ಲಿ ಮುತ್ತಿನ ಚಿಪ್ಪಿಗೆ ಇಳಿಯುತ್ತಿದ್ದರು. ಸಾಲದಲ್ಲಿ ಮುಳುಗಿದ್ದ ಬಡವರು ಅವರು, ಸೊಕ್ಕಿನವರಲ್ಲ. ಆ ಮುತ್ತು ಬರುತ್ತಿದ್ದದ್ದು ಬೊಂಬಾಯಿಗೆ. ನಮ್ಮ ಎಷ್ಟೋ ಮಂದಿ ಅದೇ ಕಡಲಿನ ದಡದಲ್ಲಿ ಇಪ್ಪತ್ತು ವರ್ಷ ದುಡಿದು, ಒಂದು ಸಲವೂ ಪಾದ ಒದ್ದೆ ಮಾಡಿಕೊಳ್ಳದೆ ಬರುತ್ತಾರೆ.

ಗಲ್ಫಿನವರೆಗೆ ಹೋಗುವುದೂ ಬೇಡ. ಅಮಿನಿ, ಕಡ್ಮತ್, ಕಿಲ್ತಾನ್, ಚೆತ್ಲತ್, ಬಿತ್ರಾ ದ್ವೀಪಗಳು 1956ರವರೆಗೆ ದಕ್ಷಿಣ ಕನ್ನಡ ಜಿಲ್ಲೆಗೇ ಸೇರಿದ್ದವು. ಆ ವರ್ಷದ ನವೆಂಬರ್ 1ರಂದು ನಮ್ಮ ಕಾಸರಗೋಡು ಒಂದು ಕಡೆ ಹೋಯಿತು, ಆ ದ್ವೀಪಗಳು ಇನ್ನೊಂದು ಕಡೆ ಹೋದವು. ಅಲ್ಲಿಯ ಮುಸ್ಲಿಮರು ಹಾಯಿ ಕಟ್ಟಿದ ಓಡಗಳಲ್ಲಿ ತೆಂಗಿನ ನಾರು ತುಂಬಿ ಮಂಗಳೂರು ಬಂದರಿಗೆ ಬರುತ್ತಿದ್ದರು, ಅಕ್ಕಿ ಒಯ್ಯುತ್ತಿದ್ದರು. ಆ ಬಂದರಿನಲ್ಲಿ ಅಂಗಡಿ ಇಟ್ಟವರು ಯಾರು? ನಮ್ಮ ಹಿರಿಯರೇ. ಕಡಲು ನಮ್ಮದಲ್ಲ ಎನ್ನುವ ಮಾತು ಇತ್ತೀಚಿನದು. ಮತ್ತೆ, ಮಕ್ಕಳಿಗೆ ಈಜು ಕಲಿಸಿ ಎಂದು ಖಲೀಫಾ ಉಮರ್ ಅವರ ಹೆಸರಿನಲ್ಲಿ ಹೇಳುವ ಮಾತನ್ನು ಮದ್ರಸದಲ್ಲಿ ಕೇಳದವರು ನಮ್ಮಲ್ಲಿ ಇಲ್ಲ. ಕೇಳಿ ಮನೆಗೆ ಹೋಗಿ ಬಾಗಿಲು ಹಾಕಿದೆವು.

ಇನ್ನು ಹೆಣ್ಣುಮಕ್ಕಳು. ಗಂಡು ಹುಡುಗರಾದರೂ ಕದ್ದು ಹೋಗಿ ಎರಡು ಕೈ ಬೀಸುವುದು ಕಲಿಯುತ್ತಾರೆ, ಹುಡುಗಿಗೆ ಅದೂ ಇಲ್ಲ. 2023ರ ಮೇ ತಿಂಗಳಿನಲ್ಲಿ ಮಲಪ್ಪುರಂನ ತಾನೂರಿನಲ್ಲಿ ವಿಹಾರದ ದೋಣಿ ಮಗುಚಿ 22 ಮಂದಿ ಸತ್ತರು, ಅದರಲ್ಲಿ ಮಕ್ಕಳು ಬಹಳ. ದೋಣಿಗೆ ಹತ್ತಬಾರದಷ್ಟು ಜನ ಹತ್ತಿದ್ದರು, ತಪ್ಪು ಸತ್ತವರದ್ದಲ್ಲ. ಆದರೆ ನೀರಿನ ಪರಿಚಯ ಇರುವ ತಾಯಿ ದೋಣಿ ಹತ್ತುವ ಮೊದಲು ತಲೆ ಎಣಿಸುತ್ತಾಳೆ, ಜಾಕೆಟ್ ಎಲ್ಲಿ ಎಂದು ಕೇಳುತ್ತಾಳೆ, ಕೊಡದಿದ್ದರೆ ಮಕ್ಕಳ ಕೈ ಹಿಡಿದು ಇಳಿಯುತ್ತಾಳೆ. ಮಕ್ಕಳ ಜೊತೆ ಹೊಳೆಬದಿಯಲ್ಲಿ ಹೆಚ್ಚು ಹೊತ್ತು ಇರುವವಳು ತಾಯಿಯೇ ತಾನೆ? ಅವಳಿಗೇ ಕಲಿಸದೆ ಯಾರಿಗೆ ಕಲಿಸುವುದು?

ಬಟ್ಟೆಯ ಪ್ರಶ್ನೆ ಎತ್ತುತ್ತಾರೆ. ಸ್ಕೂಬಾದ ವೆಟ್‌ಸೂಟ್ ಕುತ್ತಿಗೆಯಿಂದ ಮಣಿಗಂಟು, ಪಾದದವರೆಗೆ ಮುಚ್ಚುತ್ತದೆ, ತಲೆಗೂ ಟೊಪ್ಪಿ ಉಂಟು. ಮೇಲೆ ಸಡಿಲ ಅಂಗಿ ಹಾಕುವವರೂ ಇದ್ದಾರೆ. ಕೊಳದಲ್ಲಿ ಹಾಕಲು ಮೈಮುಚ್ಚುವ ಈಜುಡುಪು ಮಂಗಳೂರಿನಲ್ಲೇ ಸಿಗುತ್ತದೆ. ಹೆಂಗಸರಿಗೇ ಬೇರೆ ಹೊತ್ತು, ಕಲಿಸಲು ಹೆಂಗಸೇ ಬೇಕು ಎನ್ನುವುದಾದರೆ ಅದೂ ನ್ಯಾಯವೇ, ಕೇಳೋಣ. ಆದರೆ ಬಟ್ಟೆಯ ಮಾತು ಎತ್ತುವವರು ಆ ಹೊತ್ತು ಗೊತ್ತು ಮಾಡಿಸಲು ಒಂದು ಹೆಜ್ಜೆ ಇಟ್ಟದ್ದನ್ನು ನಾನು ನೋಡಿಲ್ಲ.

ಜಮಾಅತಿನ ಮೀಟಿಂಗುಗಳಲ್ಲಿ ಮದುವೆ ಹಾಲಿನ ಟೈಲ್ಸ್ ಬಗ್ಗೆ ಎರಡು ಗಂಟೆ ಮಾತಾಡುತ್ತೇವೆ. ಅದರಲ್ಲಿ ಹತ್ತು ನಿಮಿಷ ಇದಕ್ಕೆ ಕೊಡಲಿ ಎಂದು ಕೇಳಿದೆ. 'ಮುಂದಿನ ಸಲ ನೋಡುವ' ಎಂದರು. ಎರಡು ಮುಂದಿನ ಸಲ ಕಳೆಯಿತು. ಹಾಗಾಗಿ ನನ್ನ ತಂಗಿಯೂ ನಾನೂ ಸೇರಿ ಒಂದು ಅರ್ಜಿ ಬರೆದಿದ್ದೇವೆ. ಹತ್ತಿರದ ಈಜುಕೊಳದವರು ವಾರಕ್ಕೆ ಎರಡು ಹೊತ್ತು ಹೆಂಗಸರಿಗೂ ಹೆಣ್ಣುಮಕ್ಕಳಿಗೂ ಬಿಡಬೇಕು, ಕಲಿಸಲು ಹೆಂಗಸು ಇರಬೇಕು, ಬರೀ ಕೈಬೀಸುವುದಲ್ಲ, ಬೆನ್ನಮೇಲೆ ತೇಲುವುದು, ಕಡಲು ಒಳಗೆ ಎಳೆದರೆ ಅದಕ್ಕೆ ಎದುರು ಹೋರಾಡದೆ ದಡಕ್ಕೆ ಸಮಾನಾಂತರವಾಗಿ ಪಕ್ಕಕ್ಕೆ ಈಜಿ ಆಮೇಲೆ ದಡಕ್ಕೆ ತಿರುಗುವುದು, ಮುಳುಗುವವರಿಗೆ ಹಗ್ಗ ಎಸೆಯುವುದು, ಇಷ್ಟನ್ನೂ ಹೇಳಿಕೊಡಬೇಕು. ಉಪ್ಪ ಅದನ್ನು ಓದಿ ಏನೂ ಹೇಳಲಿಲ್ಲ, ಕನ್ನಡಕ ತೆಗೆದು ಮೊದಲ ಸಹಿ ಹಾಕಿದರು. ಅರ್ಜಿ ಅಂಗಡಿಯ ಗಲ್ಲಾಪೆಟ್ಟಿಗೆಯ ಪಕ್ಕ ಇದೆ, ಪೆನ್ನಿಗೆ ದಾರ ಕಟ್ಟಿದೆ. ಈವರೆಗೆ ಮೂವತ್ತೊಂದು ಸಹಿ ಬಿದ್ದಿದೆ, ಅದರಲ್ಲಿ ಗಂಡಸರದ್ದು ಆರು.